ಅಳತೆಯ ಸರಪಳಿಯನ್ನೇ ಅಳೆದವರು: ವಿಲಿಯಂ ಲ್ಯಾಂಬ್ಟನ್

ಠಾಣೆಯಿಂದ ಕಲ್ಯಾಣದವರೆಗೆ, ಡೊಂಬಿವಲಿಯಿಂದ ನವಿಮುಂಬಯಿಯ ಅಂಚಿನವರೆಗೆ ಇಂದು ಎತ್ತ ನೋಡಿದರೂ ಕಟ್ಟಡ ಕಾಮಗಾರಿಯೇ ಕಣ್ಣಿಗೆ ಬೀಳುತ್ತದೆ. ಬಹುಮಹಡಿ ವಸತಿ ಸಂಕೀರ್ಣಗಳು, ಮೆಟ್ರೊ ಕಂಬಗಳು, ಖಾಡಿಗಳ ಮೇಲಿನ ಸೇತುವೆಗಳು ಈ ಭಾಗದ ಚಹರೆಯನ್ನೇ ಬದಲಿಸಿವೆ. ಈ ಕೆಲಸಗಳಲ್ಲಿ ಇಂಜಿನಿಯರುಗಳಾಗಿ, ಮೋಜಣಿದಾರರಾಗಿ, ಗುತ್ತಿಗೆದಾರರಾಗಿ, ಮೇಸ್ತ್ರಿಗಳಾಗಿ ದುಡಿಯುತ್ತಿರುವ ಕನ್ನಡ ಬಾಂಧವರೂ ಇದ್ದಾರೆ. ಅವರಲ್ಲಿ ಹೊಸದಾಗಿ ವೃತ್ತಿಗಿಳಿದ ತರುಣರನ್ನು ಕಾಡುವ ಪ್ರಶ್ನೆಯೊಂದಿದೆ. ಕೂಡಿಟ್ಟ ಹಣದಲ್ಲಿ ಯಾವ ಉಪಕರಣವನ್ನು ಕೊಳ್ಳಬೇಕು? ಕೊಂಡದ್ದನ್ನು ಎಷ್ಟರಮಟ್ಟಿಗೆ ನಂಬಬೇಕು? ಅಂಗಡಿಯ ಬೆಲೆಪಟ್ಟಿಯಲ್ಲಿ ಇದಕ್ಕೆ ಪೂರ್ಣ ಉತ್ತರ ಸಿಗಲಾರದು. ಎರಡು ಶತಮಾನಗಳ ಹಿಂದೆ ನಮ್ಮ ಕನ್ನಡ ನೆಲದಿಂದಲೇ ತನ್ನ ಮಹತ್ಕಾರ್ಯವನ್ನು ಆರಂಭಿಸಿದ ಕರ್ನಲ್ ವಿಲಿಯಂ ಲ್ಯಾಂಬ್ಟನ್ ಅವರ ಬದುಕಿನಲ್ಲಿ ಆ ಉತ್ತರದ ಬಹುಭಾಗ ದೊರೆಯುತ್ತದೆ ಎಂಬುದು ನಮ್ಮ ಭಾವನೆ.

ಲ್ಯಾಂಬ್ಟನ್ ಅವರು ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಸಾಧಾರಣ ಕುಟುಂಬವೊಂದರಲ್ಲಿ 1750ರ ದಶಕದಲ್ಲಿ ಜನಿಸಿದರು. ಗಣಿತದಲ್ಲಿ ಅಪಾರ ಆಸಕ್ತಿಯಿದ್ದ ಅವರು ಸೈನ್ಯ ಸೇರಿ ಅಮೆರಿಕದ ಯುದ್ಧದಲ್ಲಿ ಪಾಲ್ಗೊಂಡರು. ಆ ಬಳಿಕ ಹಲವು ವರ್ಷಗಳನ್ನು ಕೆನಡಾದ ಭಾಗದಲ್ಲಿ ಕಳೆದು, ಮಧ್ಯವಯಸ್ಸು ಸಮೀಪಿಸಿದಾಗ ಭಾರತಕ್ಕೆ ಬಂದರು. 1799ರಲ್ಲಿ ನಡೆದ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಶ್ರೀರಂಗಪಟ್ಟಣದ ಬಳಿ ಅವರಿದ್ದ ಪಡೆ ರಾತ್ರಿಯ ವೇಳೆ ದಾರಿ ತಪ್ಪಿ ಎದುರಾಳಿಯ ಪಾಳೆಯದತ್ತಲೇ ಸಾಗುತ್ತಿತ್ತು. ನಕ್ಷತ್ರಗಳನ್ನು ನೋಡಿ ಅದನ್ನರಿತ ಲ್ಯಾಂಬ್ಟನ್ ಸೇನಾಧಿಕಾರಿಗೆ ಎಚ್ಚರಿಕೆ ನೀಡಿದರು. ಬೆಳಕು ಹಚ್ಚಿ ದಿಕ್ಸೂಚಿಯನ್ನು ನೋಡಿದಾಗ ಅವರ ಮಾತು ದಿಟವೆಂದು ತಿಳಿಯಿತು. ಒಂದು ಸಾಕ್ಷ್ಯವನ್ನು ಮತ್ತೊಂದರಿಂದ ಪರಿಶೀಲಿಸುವ ಈ ಕ್ರಮವೇ ಮುಂದೆ ಅವರ ಜೀವಿತಕಾರ್ಯದ ಮೂಲಮಂತ್ರವಾಯಿತು.

ಟಿಪ್ಪುವಿನ ಪತನಾನಂತರ ಅವರು ದಕ್ಷಿಣ ಭಾರತವನ್ನು ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಮಿತಿಯ ಮೂಲಕ ಅಳೆಯುವ ಯೋಜನೆಯನ್ನು ಸರಕಾರದ ಮುಂದಿಟ್ಟರು. ಗೆದ್ದ ರಾಜ್ಯವನ್ನು ಹಿಡಿತದಲ್ಲಿಟ್ಟುಕೊಳ್ಳಲು ನಕ್ಷೆ ಅಗತ್ಯವೆಂಬುದು ಆಳುವವರ ಲೆಕ್ಕಾಚಾರವಾಗಿತ್ತು. ಭೂಮಿಯ ಆಕಾರವನ್ನೇ ಅರಿಯಬೇಕೆಂಬುದು ಲ್ಯಾಂಬ್ಟನ್ ಅವರ ಹಂಬಲವಾಗಿತ್ತು. ಯೋಜನೆಗೆ ಒಪ್ಪಿಗೆ ದೊರೆಯಿತು. ಆದರೆ ಉಪಕರಣಗಳೆಲ್ಲಿ?

ಅವರಿಗೆ ಮೊದಲು ದಕ್ಕಿದ್ದು ಬಳಸಿದ ಸಾಮಗ್ರಿಯೇ. ಲಂಡನ್ನಿನ ಪ್ರಸಿದ್ಧ ಉಪಕರಣ ತಯಾರಕ ಜೆಸ್ಸಿ ರ‍್ಯಾಮ್ಸ್‌ಡೆನ್ ಅವರ 100 ಅಡಿ ಉದ್ದದ ಉಕ್ಕಿನ ಸರಪಳಿಯದು. 1793ರಲ್ಲಿ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಆದರ ದೊರೆಯದೆ ಹಿಂದಿರುಗಿದ ವಸ್ತುಗಳಲ್ಲಿ ಈ ಸರಪಳಿಯೂ ಸೇರಿತ್ತು. ತಲಾ ಎರಡೂವರೆ ಅಡಿಯ 40 ಕೊಂಡಿಗಳಿದ್ದ ಇದನ್ನೇ ಹಿಡಿದು ಲ್ಯಾಂಬ್ಟನ್ ಅವರು 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕಿದ ಆಧಾರರೇಖೆಯನ್ನು ಅಳೆದರು. ಹಳೆಯದೆಂಬ ಕಾರಣಕ್ಕೆ ಅದನ್ನು ಕಡೆಗಣಿಸಲಿಲ್ಲ, ಹೆಸರಾಂತ ತಯಾರಕರದೆಂಬ ಕಾರಣಕ್ಕೆ ಕಣ್ಣುಮುಚ್ಚಿ ನಂಬಲೂ ಇಲ್ಲ.

ಕೋನಗಳನ್ನು ಅಳೆಯಲು ಲಂಡನ್ನಿನ ವಿಲಿಯಂ ಕ್ಯಾರಿ ಅವರಿಂದ ದೊಡ್ಡ ಥಿಯೊಡೊಲೈಟನ್ನು ತರಿಸಲಾಯಿತು. ಮೂರಡಿ ವ್ಯಾಸದ ವೃತ್ತವಿದ್ದ ಆ ಯಂತ್ರ ಸುಮಾರು ಅರ್ಧ ಟನ್ ತೂಗುತ್ತಿತ್ತು. ದಾರಿಯಲ್ಲಿ ಹಡಗು ಫ್ರೆಂಚರ ಕೈಸೇರಿ ಯಂತ್ರ ಮಾರಿಷಸ್ಸಿಗೆ ಹೋಯಿತು. ಅದು ವಿಜ್ಞಾನದ ಸಾಧನವೆಂದು ತಿಳಿದ ಅಲ್ಲಿನ ಗವರ್ನರ್ ಸೌಜನ್ಯದಿಂದ ಅದನ್ನು ಮದ್ರಾಸಿಗೆ ಕಳುಹಿಸಿಕೊಟ್ಟರು.

1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾಮೋಜಣಿಯ ಆಧಾರರೇಖೆಯ ಅಳತೆ ಆರಂಭವಾಯಿತು. ಸುಮಾರು ಏಳೂವರೆ ಮೈಲಿಯ ಈ ರೇಖೆಗೆ 100 ಅಡಿಯ ಸರಪಳಿಯನ್ನು ಹತ್ತಿರ ಹತ್ತಿರ 400 ಬಾರಿ ಹಾಸಬೇಕಾಯಿತು. ನೆಲದ ಏರುತಗ್ಗು ತಾಗದಂತೆ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಮುಕ್ಕಾಲಿಗಳ ಮೇಲೆ ಮಟ್ಟಸವಾಗಿ ನಿಲ್ಲಿಸಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ತಾಪವನ್ನು ಬರೆದುಕೊಳ್ಳಲಾಯಿತು. ಇಷ್ಟೊಂದು ಜತನವೇಕೆಂದು ಓದುಗರು ಕೇಳಬಹುದು. 100 ಅಡಿಯ ಉಕ್ಕಿನ ಸರಪಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ನೋಡಲು ಅದು ಅಲ್ಪವೇ ಸರಿ, ಆದರೆ 400 ಬಾರಿ ಕೂಡಿದರೆ ಸುಮಾರು 1.4 ಮೀಟರ್ ತಪ್ಪಾಗುತ್ತದೆ. ಅಷ್ಟೇ ಅಲ್ಲ, ಲಂಡನ್ನಿನಿಂದ ಬಂದ ಎರಡನೆಯ ಸರಪಳಿಯನ್ನು ಅವರು ಹೊಲದ ಕೆಲಸಕ್ಕೆ ಇಳಿಸದೆ ಪ್ರಮಾಣವಾಗಿ ಕಾಯ್ದಿರಿಸಿ, ದುಡಿಯುವ ಸರಪಳಿ ಎಷ್ಟು ಸವೆದು ಉದ್ದವಾಗಿದೆಯೆಂದು ಅದರೊಡನೆ ಹೋಲಿಸಿ ನೋಡುತ್ತಿದ್ದರು.

ಮದ್ರಾಸಿನಿಂದ ತ್ರಿಕೋನಗಳ ಸರಣಿ ಮೈಸೂರು ಸೀಮೆಗೆ ಬಂದಾಗ, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಮ್ಮೆ ಆಧಾರರೇಖೆಯನ್ನು ಅಳೆದು ತಾಳೆ ನೋಡಲಾಯಿತು. ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲದೊಳಗೇ ಇತ್ತು. ಸರಣಿ ಮಂಗಳೂರು ಕರಾವಳಿಯನ್ನು ಮುಟ್ಟಿದಾಗ, ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿಯೆಂದಿದ್ದ ಪರ್ಯಾಯದ್ವೀಪದ ಅಗಲ ಅಲ್ಲಿ ವಾಸ್ತವವಾಗಿ 360 ಮೈಲಿಯಷ್ಟೇ ಎಂದು ಸಿದ್ಧವಾಯಿತು.

1808ರಲ್ಲಿ ತಂಜಾವೂರಿನಲ್ಲಿ ದೊಡ್ಡ ಆಪತ್ತೊಂದು ಎದುರಾಯಿತು. ಬೃಹದೀಶ್ವರ ದೇವಾಲಯದ ಗೋಪುರದ ಮೇಲಕ್ಕೆ ಥಿಯೊಡೊಲೈಟನ್ನು ಎತ್ತುತ್ತಿದ್ದಾಗ ಹಗ್ಗ ಹರಿದು ಯಂತ್ರ ಗೋಡೆಗೆ ಅಪ್ಪಳಿಸಿತು. ಕೋನಗಳ ಗುರುತಿದ್ದ ವೃತ್ತವೇ ಸೊಟ್ಟಗಾಯಿತು. ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು, ಇಲ್ಲವೆ ಕೂಲಿಗಳ ಮೇಲೆ ದೂರು ಹೊರಿಸುತ್ತಿದ್ದರು. ಲ್ಯಾಂಬ್ಟನ್ ಹೊಣೆಯನ್ನು ತಾವೇ ಹೊತ್ತರು. ಯಂತ್ರವನ್ನು ಬಿಡಿಬಿಡಿಯಾಗಿ ಬಿಚ್ಚಿ, ಕುಶಲಕರ್ಮಿಗಳ ನೆರವಿನಿಂದ ಬೆಣೆ, ತಿರುಪು, ರಾಟೆಗಳನ್ನು ಬಳಸಿ ವೃತ್ತವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಎಳೆದು ಆರು ವಾರಗಳಲ್ಲಿ ಮೊದಲಿನ ಆಕಾರಕ್ಕೆ ತಂದರು. ಆ ಯಂತ್ರ ಮತ್ತೆ ಹಲವಾರು ವರ್ಷ ದುಡಿಯಿತು. ತನ್ನ ಸಾಧನದ ಒಳಹೊರಗನ್ನು ಬಲ್ಲವನಿಗೆ ಮಾತ್ರ ಇಂತಹ ಧೈರ್ಯ ಬರಲು ಸಾಧ್ಯ.

1815ರಲ್ಲಿ ಬೀದರ ಭಾಗದಲ್ಲಿ ಇನ್ನೊಂದು ಆಧಾರರೇಖೆಯನ್ನು ಅಳೆಯಲಾಯಿತು. ಅಲ್ಲಿಂದ ಪಶ್ಚಿಮಕ್ಕೆ ಹೊರಟ ತ್ರಿಕೋನಗಳ ಸರಣಿಯೇ ಅವರ ಕಾಲಾನಂತರ ಮುಂಬಯಿಯನ್ನು ತಲುಪಿತು. ನಾವು ಬಾಳುತ್ತಿರುವ ಈ ಭಾಗದ ನಕ್ಷೆ ಕನ್ನಡ ನಾಡಿನ ಅಳತೆಯೊಡನೆ ಹೆಣೆದುಕೊಂಡದ್ದು ಹೀಗೆ. 1818ರಲ್ಲಿ ಈ ಕಾರ್ಯಕ್ಕೆ ಮಹಾ ತ್ರಿಕೋನಮಿತಿ ಮೋಜಣಿ ಎಂಬ ಹೆಸರಾಯಿತು, ಜಾರ್ಜ್ ಎವರೆಸ್ಟ್ ಸಹಾಯಕರಾಗಿ ನೇಮಕಗೊಂಡರು. ಹೈದರಾಬಾದಿನಿಂದ ನಾಗಪುರಕ್ಕೆ ಹೊರಟಿದ್ದ ಲ್ಯಾಂಬ್ಟನ್ ಅವರು 1823ರ ಜನವರಿ 20ರಂದು ಇಂದಿನ ಮಹಾರಾಷ್ಟ್ರದ ಹಿಂಗಣಘಾಟಿನಲ್ಲಿ ಕೊನೆಯುಸಿರೆಳೆದರು. ಉತ್ತರಾಧಿಕಾರಿಯ ಹೆಸರು ಜಗತ್ತಿನ ಅತ್ಯುನ್ನತ ಶಿಖರಕ್ಕೆ ಸಂದಿತು. ಅಡಿಪಾಯ ಹಾಕಿದವರ ಸಮಾಧಿ ಆ ಪುಟ್ಟ ಪಟ್ಟಣದಲ್ಲಿದೆ. ಅರ್ಧ ಟನ್ ಯಂತ್ರವನ್ನು ಬೆಟ್ಟಗುಡ್ಡಗಳ ಮೇಲೆ ಹೊತ್ತು, ಕಾಡುಜ್ವರಕ್ಕೆ ಬಲಿಯಾದ ನಮ್ಮವರಂತೂ ಅನಾಮಿಕರಾಗಿಯೇ ಉಳಿದರು. ಅವರನ್ನೂ ಇಲ್ಲಿ ನೆನೆಯುವುದು ನಮ್ಮ ಕರ್ತವ್ಯ.

ಈ ಜೀವನಚರಿತ್ರೆಯಿಂದ ನಮ್ಮ ವೃತ್ತಿಬಾಂಧವರು ಕಲಿಯಬಹುದಾದುದು ಬಹಳಷ್ಟಿದೆ. ಇಂದು ಸರಪಳಿಯ ಜಾಗದಲ್ಲಿ ಟೋಟಲ್ ಸ್ಟೇಷನ್, ಆಟೊ ಲೆವೆಲ್, ಉಪಗ್ರಹ ಸಂಕೇತ ಹಿಡಿಯುವ ಉಪಕರಣಗಳು ಬಂದಿವೆ. ಪರೀಕ್ಷಿಸುವ ಧರ್ಮ ಮಾತ್ರ ಹಳೆಯದೇ. ಲೆವೆಲ್ ಯಂತ್ರವನ್ನು ಕೊಳ್ಳುವ ಮುನ್ನ ಐವತ್ತು ಅರುವತ್ತು ಮೀಟರ್ ಅಂತರದಲ್ಲಿ ಎರಡು ಗೂಟ ನೆಟ್ಟು, ಮೊದಲು ನಟ್ಟನಡುವೆ, ಬಳಿಕ ಒಂದು ಗೂಟದ ಸಮೀಪ ಯಂತ್ರವನ್ನಿಟ್ಟು ಎತ್ತರದ ವ್ಯತ್ಯಾಸವನ್ನು ಓದಬೇಕು. ಎರಡೂ ಸಲ ಒಂದೇ ಉತ್ತರ ಬಾರದಿದ್ದರೆ ದೃಷ್ಟಿರೇಖೆ ಓರೆಯಾಗಿದೆಯೆಂದೇ ಅರ್ಥ. ಟೋಟಲ್ ಸ್ಟೇಷನ್ನಿನ ದೂರದರ್ಶಕವನ್ನು ಎರಡೂ ಮುಖಗಳಲ್ಲಿ ತಿರುಗಿಸಿ ಒಂದೇ ಗುರಿಯನ್ನು ನೋಡಿದಾಗ ಅಡ್ಡಕೋನಗಳಲ್ಲಿ 180 ಡಿಗ್ರಿಗಳ ಅಂತರವಿರಬೇಕು. ಪ್ರಿಸಮ್ಮಿನ ಸ್ಥಿರಾಂಕವನ್ನು ತಪ್ಪಾಗಿ ತುಂಬಿದರೆ ಎಷ್ಟೇ ದುಬಾರಿಯ ಯಂತ್ರವಾದರೂ ಪ್ರತಿಯೊಂದು ದೂರವನ್ನೂ ತಪ್ಪಾಗಿಯೇ ಹೇಳುತ್ತದೆ. ಕ್ಯಾಲಿಬ್ರೇಶನ್ ಪ್ರಮಾಣಪತ್ರದಲ್ಲಿ ಯಂತ್ರದ ಕ್ರಮಸಂಖ್ಯೆಯನ್ನೂ ದಿನಾಂಕವನ್ನೂ ನೋಡಬೇಕು. ಖಾಡಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಯಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುವ ಈ ಪ್ರದೇಶದಲ್ಲಿ, ಸಮೀಪದಲ್ಲೇ ದುರಸ್ತಿ ಮಾಡಬಲ್ಲವರು ಇದ್ದಾರೆಯೇ ಎಂಬುದನ್ನು ಬೆಲೆಗಿಂತ ಮೊದಲು ವಿಚಾರಿಸುವುದು ಒಳಿತು. ಸಾಧ್ಯವಾದರೆ ಒಂದು ಒಳ್ಳೆಯ ಟೇಪನ್ನು ದಿನದ ಬಳಕೆಗೆ ಕೊಡದೆ ಪ್ರಮಾಣಕ್ಕೆಂದೇ ತೆಗೆದಿರಿಸಬೇಕು.

ತಳಪಾಯದ ಗುರುತಿನಲ್ಲಿ ಒಂದು ಅಂಗುಲ ತಪ್ಪಿದರೆ ಅದರ ಭಾರವನ್ನು ಹೊರುವವರು ಸಾಲ ಮಾಡಿ ಮನೆ ಕೊಂಡ ಕುಟುಂಬದವರು. ಎಂದೂ ತಪ್ಪದ ಉಪಕರಣ ಲೋಕದಲ್ಲಿಲ್ಲ, ಅದರ ತಪ್ಪು ಎಷ್ಟೆಂದು ಅರಿತು ಲೆಕ್ಕಕ್ಕೆ ಹಿಡಿದವನ ಕೈಯಲ್ಲಿ ಮಾತ್ರ ಅದು ನಂಬಿಕೆಗೆ ಅರ್ಹವಾಗುತ್ತದೆ. ತಮ್ಮ ಅಳತೆಯನ್ನು ಬೆಂಗಳೂರಿಗೆ ಬಂದು ಮತ್ತೊಮ್ಮೆ ಅಳೆದು ನೋಡಿದ ಆ ಸಾಧಕರಿಗೆ ನಮ್ಮ ವೃತ್ತಿಬಾಂಧವರು ಸಲ್ಲಿಸಬಹುದಾದ ಗೌರವವೂ ಇದೇ: ನಾಳೆ ಬೆಳಿಗ್ಗೆ ಕೆಲಸ ಆರಂಭಿಸುವ ಮುನ್ನ ತಮ್ಮ ಉಪಕರಣವನ್ನೊಮ್ಮೆ ಪರೀಕ್ಷಿಸುವುದು.