ಲೆಕ್ಕವಿಟ್ಟು ನಾಡು ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು

ಆಂಧ್ರದೇಶದ ಗಿದ್ದಲೂರು ಸೀಮೆಯಲ್ಲಿ ಮೋಕ್ಷಗುಂಡಂ ಎಂಬ ಗ್ರಾಮವಿದೆ. ಹಲವು ತಲೆಮಾರುಗಳ ಹಿಂದೆ ಆ ಊರನ್ನು ಬಿಟ್ಟು ಮೈಸೂರು ಸೀಮೆಗೆ ಬಂದ ಒಂದು ಕುಟುಂಬವು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ನೆಲಸಿತು. ಊರನ್ನು ಬಿಟ್ಟರೂ ಊರಿನ ಹೆಸರನ್ನು ಅವರು ಬಿಡಲಿಲ್ಲ. ಆ ಮನೆತನದಲ್ಲಿ ಶ್ರೀನಿವಾಸಶಾಸ್ತ್ರಿಗಳು ಮತ್ತು ವೆಂಕಟಲಕ್ಷ್ಮಮ್ಮನವರ ಮಗನಾಗಿ ಜನಿಸಿದವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಆಂಧ್ರದಿಂದ ಕನ್ನಡನಾಡಿಗೆ ವಲಸೆ ಹೋದವರ ಕುಲದಲ್ಲಿ ಹುಟ್ಟಿ ಕನ್ನಡನಾಡನ್ನು ಕಟ್ಟಿದ ಈ ಮಹನೀಯರನ್ನು, ಕನ್ನಡನಾಡಿನಿಂದ ಆಂಧ್ರಕ್ಕೆ ಬಂದು ನೆಲಸಿರುವ ನಾವು ರಾಜ್ಯೋತ್ಸವದ ದಿನ ನೆನೆಯುವುದು ಉಚಿತವೇ ಆಗಿದೆ. ನಮ್ಮ ಎಂವಿಪಿ ಕಾಲೋನಿಯ ಹೆಸರಿಗೂ ಎಂ.ವಿ. ಎಂಬ ಅವರ ಹೆಸರಿಗೂ ಸಂಬಂಧವಿಲ್ಲ. ಕಾಲೋನಿಯ ಹೆಸರು ಮುವ್ವಲವಾನಿಪಾಲೆಂ ಎಂಬ ಹಳೆಯ ಹಳ್ಳಿಯದು. ಆದರೂ ನಮ್ಮ ಮಕ್ಕಳು ಈ ಎರಡಕ್ಷರ ಕಂಡಾಗ ಆ ಹಿರಿಯರನ್ನೂ ನೆನೆದರೆ ಒಳ್ಳೆಯದೇ.

ಅವರು ಕಟ್ಟಿದ ಅಣೆಕಟ್ಟೆಗಳ ವಿಚಾರವನ್ನು ಶಾಲೆಯ ಮಕ್ಕಳೂ ಬಲ್ಲರು. ಅಣೆಕಟ್ಟೆಗೂ ಕಾರ್ಖಾನೆಗೂ ಮೊದಲು ಅವರು ಮಾಡುತ್ತಿದ್ದ ಇನ್ನೊಂದು ಕೆಲಸವುಂಟು. ಅದು ಎಣಿಸುವುದು, ಅಳೆಯುವುದು, ವಿಚಾರಿಸುವುದು. ಆ ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯುವುದೇ ಈ ಲೇಖನದ ಉದ್ದೇಶ.

ವಿಶ್ವೇಶ್ವರಯ್ಯನವರು ಇನ್ನೂ ಹುಡುಗರಾಗಿದ್ದಾಗ, ೧೮೭೬ರಿಂದ ೧೮೭೮ರವರೆಗೆ, ಮೈಸೂರು ಸಂಸ್ಥಾನವನ್ನು ಭೀಕರ ಕ್ಷಾಮವು ಆವರಿಸಿತು. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕೂ ಕಡಿಮೆಯಾಯಿತು. ಮಳೆಯನ್ನೇ ನಂಬಿದ ನಾಡಿನ ಗತಿ ಏನಾಗುವುದೆಂಬುದಕ್ಕೆ ಈ ಎರಡು ಅಂಕಿಗಳಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ತರುವಾಯ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ತೆರಳಿ, ೧೮೮೩ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದರು. ೧೮೮೪ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು.

ಅಲ್ಲಿ ನೀರಾವರಿಯ ಕಾಲುವೆಗಳನ್ನು ನೋಡಿಕೊಳ್ಳುತ್ತಿದ್ದಾಗ ಅವರಿಗೆ ಒಂದು ಸಂಗತಿ ತಿಳಿಯಿತು. ಕಾಲುವೆಯ ಮೇಲ್ಭಾಗದ ರೈತರು ಕಬ್ಬಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ಹರಿಸಿ ಭೂಮಿಯನ್ನು ಜವುಗು ಮಾಡಿಕೊಳ್ಳುತ್ತಿದ್ದರು. ಕೆಳಭಾಗದ ಹಳ್ಳಿಗಳಿಗೆ ನೀರೇ ತಲಪುತ್ತಿರಲಿಲ್ಲ. ಎಷ್ಟು ನೀರು ಹರಿಯುತ್ತಿದೆ, ಎಷ್ಟು ಎಕರೆ ಬೆಳೆಯುತ್ತಿದೆ ಎಂಬುದನ್ನು ತಾಳೆ ನೋಡಿ, ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ ಮತ್ತು ಲಘು ಬೆಳೆಗಳನ್ನು ಸರದಿಯಂತೆ ಬೆಳೆಯುವ ಪದ್ಧತಿಯನ್ನು ಅವರು ಸೂಚಿಸಿದರು. ಮೊದಲು ರೈತರು ಇದನ್ನು ಬಲವಾಗಿ ವಿರೋಧಿಸಿದರು. ಆಗ ಇವರು ಆಜ್ಞೆಯನ್ನು ಹೊರಡಿಸಿ ಸುಮ್ಮನಾಗಲಿಲ್ಲ. ರೈತರ ನಡುವೆ ಹೋಗಿ ಲಾಭನಷ್ಟಗಳನ್ನು ವಿವರಿಸಿದರು. ಅದೇ ನೀರು ಹೆಚ್ಚು ಹಳ್ಳಿಗಳಿಗೆ ಒದಗುವಂತಾಯಿತು.

೧೮೯೮ರಲ್ಲಿ ಅವರು ಜಪಾನ್ ದೇಶವನ್ನು ನೋಡಿ ಬಂದರು. ಕೆಲವೇ ದಶಕಗಳಲ್ಲಿ ವಿದ್ಯಾಭ್ಯಾಸ ಮತ್ತು ಕೈಗಾರಿಕೆಗಳ ಬಲದಿಂದ ತಲೆಯೆತ್ತಿ ನಿಂತ ಆ ದೇಶವು ಅವರ ಮನಸ್ಸಿನಲ್ಲಿ ಅಚ್ಚೊತ್ತಿತು. ಮುಂಬಯಿ ಸೇವೆಯಿಂದ ನಿವೃತ್ತರಾಗಿ, ೧೯೦೮ರಲ್ಲಿ ಮೂಸಿ ನದಿಯ ಪ್ರವಾಹದಿಂದ ನೊಂದ ಹೈದರಾಬಾದ್ ನಗರಕ್ಕೆ ರಕ್ಷಣೆಯ ಯೋಜನೆಯನ್ನು ಸಿದ್ಧಪಡಿಸಿಕೊಟ್ಟು, ೧೯೦೯ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಪದವಿಯನ್ನು ಒಪ್ಪಿಕೊಂಡರು.

ಆಗಿನ ಮೈಸೂರಿನ ಜನಸಂಖ್ಯೆ ಸುಮಾರು ೫೮ ಲಕ್ಷ. ಓದು ಬರಹ ಬಲ್ಲವರು ನೂರಕ್ಕೆ ಆರರ ಆಸುಪಾಸು. ಯಾವ ತಾಲ್ಲೂಕಿನಲ್ಲಿ ಯಾವ ಕಸುಬು ನಡೆಯುತ್ತಿದೆ, ಯಾವುದು ಅಳಿಯುತ್ತಿದೆ, ಯಾವ ಸರಕು ಹೊರಗಿನಿಂದ ಬರುತ್ತಿದೆ ಎಂಬುದರ ಸಮಗ್ರವಾದ ಲೆಕ್ಕ ಸರ್ಕಾರದಲ್ಲಿರಲಿಲ್ಲ. ಈ ಕೊರತೆಯನ್ನು ನೀಗಿಸಲು ವಿಶ್ವೇಶ್ವರಯ್ಯನವರು ಸೂಚಿಸಿದ ಉಪಾಯವೇ ಮೈಸೂರು ಎಕನಾಮಿಕ್ ಕಾನ್ಫರೆನ್ಸ್, ಅಂದರೆ ಸಂಪದಭ್ಯುದಯ ಸಮಾಜ. ೧೯೧೧ರ ಜೂನ್ ತಿಂಗಳಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಬೇಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳು ಏರ್ಪಟ್ಟವು. ಅಧಿಕಾರಿಗಳ ಜೊತೆಗೆ ವರ್ತಕರು, ಜಮೀನುದಾರರು, ವಕೀಲರು ಒಂದೇ ಮೇಜಿನ ಸುತ್ತ ಕುಳಿತರು. ಜಿಲ್ಲೆ ತಾಲ್ಲೂಕುಗಳಲ್ಲೂ ಸಮಿತಿಗಳಾದವು. ಮೊದಲು ವಿಷಯ ಸಂಗ್ರಹ, ಆಮೇಲೆ ಚರ್ಚೆ, ಆಮೇಲೆ ಚಿಕ್ಕದಾಗಿ ಪ್ರಯೋಗ, ಅದು ಗೆದ್ದರೆ ಸರ್ಕಾರದ ಹಣ: ಇದು ಅಲ್ಲಿನ ಕ್ರಮ.

ಈ ಕ್ರಮದ ಫಲವನ್ನು ತಿಳಿಯಲು ಶ್ರೀಗಂಧದ ಕಥೆಯೊಂದೇ ಸಾಕು. ಮೈಸೂರಿನ ಗಂಧದ ಮರ ಲೋಕಪ್ರಸಿದ್ಧ. ಆದರೆ ಆ ಕಾಲದಲ್ಲಿ ನಾವು ಕೊರಡನ್ನು ಮಾರುತ್ತಿದ್ದೆವು. ಎಣ್ಣೆ ತೆಗೆದು ಲಾಭ ಮಾಡುತ್ತಿದ್ದವರು ಯೂರೋಪಿನವರು, ಅದರಲ್ಲೂ ಜರ್ಮನಿಯವರು. ೧೯೧೪ರಲ್ಲಿ ಮಹಾಯುದ್ಧ ಆರಂಭವಾಗಲು ಆ ವ್ಯಾಪಾರ ನಿಂತು ಕೊರಡುಗಳು ರಾಶಿಯಾಗಿ ಉಳಿದವು. ಆಗ ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಎಣ್ಣೆ ಬಟ್ಟಿಯಿಳಿಸುವ ಪ್ರಯೋಗಗಳು ನಡೆದವು. ಅವು ಸಫಲವಾದುದರಿಂದ ೧೯೧೬ರಲ್ಲಿ ಬೆಂಗಳೂರಿನಲ್ಲೂ ತರುವಾಯ ಮೈಸೂರಿನಲ್ಲೂ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಸಾಬೂನಿನ ಕಾರ್ಖಾನೆಯೂ ಬಂದಿತು. ಇಂದು ನಾವು ವಿಶಾಖಪಟ್ಟಣದ ಅಂಗಡಿಯಲ್ಲಿ ಮೈಸೂರು ಸ್ಯಾಂಡಲ್ ಸಾಬೂನನ್ನು ಕೊಂಡಾಗಲೆಲ್ಲ ಈ ಪ್ರಯೋಗಶಾಲೆಯ ಋಣವನ್ನು ನೆನೆಯಬೇಕು.

ಮಲೆನಾಡಿನವರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. ೧೯೦೮ರಲ್ಲಿ ಸಂಸ್ಥಾನಕ್ಕೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣದಿಂದ ಅದನ್ನು ತಡೆಯಬಹುದೆಂದು ತೋರಿಸಿದ್ದರು. ಇಂಥ ತಜ್ಞರಿಗೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಪೂರ್ಣ ಪ್ರೋತ್ಸಾಹ ದೊರೆಯಿತು. ಕೋಲ್ಮನ್ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದಲ್ಲಿ ಕೃಷಿ ಶಾಲೆ ಪ್ರಾರಂಭವಾಯಿತು.

೧೯೧೨ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಆರು ವರ್ಷಗಳಲ್ಲಿ ಶಾಲೆಗಳ ಸಂಖ್ಯೆ ಸುಮಾರು ೪,೫೦೦ರಿಂದ ಸುಮಾರು ೧೦,೫೦೦ಕ್ಕೆ ಏರಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಉದ್ಯಮಕ್ಕೆ ಹಣ ಒದಗಿಸಲು ಬ್ಯಾಂಕ್ ಬೇಕೆಂದು ವಿಚಾರಣೆಯಿಂದ ತಿಳಿದುಬಂದುದರಿಂದ ೧೯೧೩ರಲ್ಲಿ ಬ್ಯಾಂಕ್ ಆಫ್ ಮೈಸೂರ್ ಪ್ರಾರಂಭವಾಯಿತು. ಅದೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಎನಿಸಿ, ೨೦೧೭ರ ಏಪ್ರಿಲ್ ೧ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ದಿನವೂ ಬ್ಯಾಂಕಿನ ಲೆಕ್ಕವನ್ನು ನೋಡುತ್ತಾ ಕಾಲಕಳೆಯುವ ನನ್ನಂಥ ಗುಮಾಸ್ತನಿಗೆ ಆ ದಿನ ಮನೆಯ ಹಿರಿಯರೊಬ್ಬರು ಕಣ್ಮರೆಯಾದಂತೆ ತೋರಿತು. ಇನ್ನೂ ಒಂದು ಸಂಗತಿಯನ್ನು ಕನ್ನಡಿಗರು ಮರೆಯಬಾರದು. ೧೯೧೫ರ ಮೇ ೫ರಂದು ಬೆಂಗಳೂರಿನಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಇದೇ ಸಂಪದಭ್ಯುದಯ ಸಮಾಜದ ಪ್ರಯತ್ನವೇ ಮೂಲ. ಜನರ ಭಾಷೆ ಬೆಳೆಯದೆ ಜನರ ಸಂಪತ್ತು ಬೆಳೆಯದೆಂಬ ತಿಳಿವಳಿಕೆ ಅದರ ಹಿಂದೆ ಇದ್ದಿತು.

ಕನ್ನಂಬಾಡಿ ಕಟ್ಟೆಯ ವಿಚಾರದಲ್ಲೂ ಅವರಿಗೆ ನೆರವಾದುದು ಲೆಕ್ಕವೇ. ಇಷ್ಟೊಂದು ಹಣ ಸುರಿಯುವುದು ಸರಿಯೇ ಎಂಬ ಶಂಕೆ ಹಣಕಾಸಿನವರಲ್ಲಿತ್ತು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಶಿವನಸಮುದ್ರದ ವಿದ್ಯುತ್ತು ಕುಗ್ಗುವುದು. ನೀರು ಕೂಡಿಟ್ಟರೆ ಕೋಲಾರದ ಚಿನ್ನದ ಗಣಿಗಳಿಗೆ ವರ್ಷವಿಡೀ ವಿದ್ಯುತ್ತನ್ನು ಮಾರಬಹುದು, ಮಂಡ್ಯದ ಬಯಲಿಗೆ ನೀರೂ ದೊರೆಯುವುದು ಎಂದು ಅವರು ಆದಾಯವನ್ನು ತೋರಿಸಿದರು. ೧೯೧೧ರಲ್ಲಿ ಕೆಲಸ ಆರಂಭವಾಯಿತು. ಹಳೆಯ ಕನ್ನಂಬಾಡಿಯೇ ಮೊದಲಾದ ಹಳ್ಳಿಗಳು ನೀರಿನಲ್ಲಿ ಮುಳುಗಿದುದೂ ನಿಜ. ಮಂಡ್ಯದ ಹಸುರಿನ ಜಮೆಯ ಎದುರಿಗೆ ಆ ಜನರ ತ್ಯಾಗವನ್ನು ಖರ್ಚಿನ ಅಂಕಣದಲ್ಲಿ ಬರೆಯದಿದ್ದರೆ ಲೆಕ್ಕ ಸರಿಯಾಗದು.

ದೊಡ್ಡವರ ಚರಿತ್ರೆಯಲ್ಲಿ ಒಪ್ಪಿದ ಸಂಗತಿಗಳನ್ನು ಮಾತ್ರ ಹೇಳಿ, ಒಪ್ಪದುದನ್ನು ಬಿಡುವುದು ನ್ಯಾಯವಲ್ಲ. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರ ಸಂಖ್ಯೆ ಬಹಳವಾಗಿಯೂ ಉಳಿದ ಸಮಾಜಗಳವರ ಸಂಖ್ಯೆ ತೀರ ಅಲ್ಪವಾಗಿಯೂ ಇದ್ದುದನ್ನು ಕಂಡು, ಮಹಾರಾಜರು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ವಿದ್ಯೆಯನ್ನು ಎಲ್ಲರಿಗೂ ಹರಡಬೇಕು, ಆದರೆ ನೌಕರಿಗೆ ಯೋಗ್ಯತೆಯೊಂದೇ ಅಳತೆಯಾಗಿರಬೇಕು ಎಂಬುದು ದಿವಾನರ ನಿಲುವು. ಈ ಭಿನ್ನಾಭಿಪ್ರಾಯದಿಂದ ಅವರು ೧೯೧೮ರ ಕೊನೆಯಲ್ಲಿ ಅಧಿಕಾರ ಬಿಟ್ಟರು. ಮಿಲ್ಲರ್ ಸಮಿತಿಯ ಕೈಯಲ್ಲಿದ್ದುದೂ ಅಂಕಿಅಂಶಗಳೇ. ಅಂಕಿಗಳನ್ನು ಅಷ್ಟೊಂದು ನಂಬಿದ್ದ ಅವರಿಗೆ ಈ ಅಂಕಿಗಳು ಆಡಿದ ಮಾತು ಪೂರ್ತಿಯಾಗಿ ಕೇಳಿಸಲಿಲ್ಲವೆಂದು ಇಂದು ನಾವು ಹೇಳಿದರೆ ಅದು ಅವರಿಗೆ ಅಗೌರವವಾಗಲಾರದು. ಅವರ ಪದ್ಧತಿಯನ್ನೇ ಅವರಿಗೆ ಅನ್ವಯಿಸಿದಂತಾಗುವುದು.

ಅಧಿಕಾರ ಹೋದರೂ ಅವರ ಕೆಲಸ ನಿಲ್ಲಲಿಲ್ಲ. ಯುದ್ಧಾನಂತರ ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಭಾರವನ್ನು ೧೯೨೩ರಿಂದ ೧೯೨೯ರವರೆಗೆ ಹೊತ್ತರು. ಉಕ್ಕಿನ ಕಾರ್ಖಾನೆಯ ಲಾಭನಷ್ಟದ ಮಾತನ್ನು ಮನೆಮನೆಯಲ್ಲೂ ಕೇಳುವ ವಿಶಾಖಪಟ್ಟಣದವರಿಗೆ ಆ ಭಾರ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

೧೯೨೫ರಲ್ಲಿ ಭಾರತ ಸರ್ಕಾರವು ದೇಶದ ಆರ್ಥಿಕ ಸ್ಥಿತಿಯನ್ನು ತಿಳಿಯಲು ಇರುವ ಸಾಮಗ್ರಿ ಸಾಲುವುದೇ ಎಂದು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಅದರ ಅಧ್ಯಕ್ಷರು ವಿಶ್ವೇಶ್ವರಯ್ಯನವರು. ಬೆಳೆ, ಉತ್ಪನ್ನ, ಕೂಲಿ, ಬೆಲೆ, ಜನರ ಆದಾಯ ಇವುಗಳ ಲೆಕ್ಕವನ್ನು ಕಾನೂನಿನ ಆಧಾರದ ಮೇಲೆ ಸಂಗ್ರಹಿಸಬೇಕೆಂದು ಸಮಿತಿ ಸಲಹೆಮಾಡಿತು. ಅಂದಿನ ಸರ್ಕಾರ ಆ ವರದಿಯನ್ನು ಬಹುಮಟ್ಟಿಗೆ ಮೂಲೆಗೆ ಹಾಕಿತು. ಸ್ವಾತಂತ್ರ್ಯ ಬಂದ ಮೇಲೆ, ೧೯೫೦ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ, ೧೯೫೧ರಲ್ಲಿ ಕೇಂದ್ರ ಸಾಂಖ್ಯಿಕ ಸಂಸ್ಥೆಯೂ, ೧೯೫೩ರಲ್ಲಿ ಅಂಕಿಅಂಶ ಸಂಗ್ರಹದ ಕಾನೂನೂ ಬಂದವು. ೧೯೩೪ರಲ್ಲಿ ಅವರು ಭಾರತಕ್ಕೆ ಯೋಜಿತ ಆರ್ಥಿಕ ವ್ಯವಸ್ಥೆ ಬೇಕೆಂದು ಗ್ರಂಥ ಬರೆದರು. ಸ್ವತಂತ್ರ ಭಾರತ ಆ ದಾರಿಯಲ್ಲಿ ನಡೆದುದನ್ನು ಕಣ್ಣಾರೆ ಕಂಡರು. ೧೯೫೫ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವಸಂತಗಳನ್ನು ಕಂಡು ೧೯೬೨ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಹುಟ್ಟೂರು ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ. ಅವರ ಜನ್ಮದಿನವಾದ ಸೆಪ್ಟೆಂಬರ್ ೧೫ನ್ನು ದೇಶವು ಇಂಜಿನಿಯರುಗಳ ದಿನವಾಗಿ ಆಚರಿಸುತ್ತಿದೆ.

ಅಂಥವರ ಜೀವನದಿಂದ ನಮ್ಮಂಥ ಸಾಮಾನ್ಯರು ಏನನ್ನು ತೆಗೆದುಕೊಳ್ಳಬಹುದು? ಅಣೆಕಟ್ಟೆ ಕಟ್ಟುವುದು ನಮ್ಮ ಶಕ್ತಿಗೆ ಮೀರಿದುದು. ಎಣಿಸುವುದು ಮೀರಿದುದಲ್ಲ. ಈ ಊರಿನಲ್ಲಿ ಕನ್ನಡ ಮನೆಗಳು ಎಷ್ಟು, ಕನ್ನಡ ಮಾತಾಡುವ ಮಕ್ಕಳು ಎಷ್ಟು, ಅವರಲ್ಲಿ ಓದಿ ಬರೆಯಬಲ್ಲವರು ಎಷ್ಟು, ಕೆಲಸ ಹುಡುಕುತ್ತಿರುವ ತರುಣರು ಎಷ್ಟು? ಪ್ರತಿ ವರ್ಷವೂ ಭಾಷಣದಲ್ಲಿ ನಾವು ಕನ್ನಡ ಕ್ಷೀಣಿಸುತ್ತಿದೆಯೆಂದು ಮರುಗುತ್ತೇವೆ. ಎಷ್ಟು ಕ್ಷೀಣಿಸಿತೆಂದು ಯಾರೂ ಬರೆದಿಟ್ಟಿಲ್ಲ. ಒಂದು ನೋಟುಪುಸ್ತಕ ಹಿಡಿದು ಈ ವರ್ಷ ಮನೆಮನೆಗೆ ಹೋಗೋಣ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಆ ಅಂಕಿಗಳು ನಮ್ಮ ಮುಂದಿದ್ದರೆ, ಭಾನುವಾರದ ಕನ್ನಡ ತರಗತಿ ಯಾವ ಬೀದಿಯಲ್ಲಿ ನಡೆಯಬೇಕೆಂಬುದು ತಾನಾಗಿಯೇ ತಿಳಿದೀತು. ಮೋಕ್ಷಗುಂಡಂನ ಹೆಸರು ಹೊತ್ತು ಕನ್ನಡನಾಡಿಗೆ ಬೆಳಕಾದ ಆ ಹಿರಿಯರಿಗೆ, ಆಂಧ್ರದ ನೆಲದಲ್ಲಿರುವ ಕನ್ನಡಿಗರು ಸಲ್ಲಿಸಬಹುದಾದ ಕಾಣಿಕೆ ಇದಕ್ಕಿಂತ ಬೇರೆ ಇಲ್ಲ.