ಕಾವೇರಿ ಮನೆಗೆ ಬಂದ ಮೇಲೆ: ತ್ರಿವೇಣಿಯವರ ಬಗ್ಗೆ

ಶರಪಂಜರ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಕಲ್ಪನಾ. ಸಿನಿಮಾ ಪೂರ್ತಿ ನೋಡದೇ ಇದ್ದರೂ ಅದರ ಹಾಡುಗಳು ಗೊತ್ತು, ಪುಟ್ಟಣ್ಣ ಕಣಗಾಲ್ ಹೆಸರು ಗೊತ್ತು, ಕಲ್ಪನಾ ಸೀರೆ ಉಡುತ್ತಿದ್ದ ರೀತಿಯ ಬಗ್ಗೆ ಅಜ್ಜಿಯರು ಹೇಳೋದನ್ನ ಕೇಳಿದ್ದೀವಿ. ಆದರೆ ಆ ಕಥೆ ಬರೆದವರು ಯಾರು ಅಂತ ಕ್ಲಾಸಿನಲ್ಲಿ ಕೇಳಿದರೆ ಎಷ್ಟು ಕೈ ಮೇಲೇಳುತ್ತೆ ಅನ್ನೋದು ಅನುಮಾನ. ಬರೆದವರು ತ್ರಿವೇಣಿ. ಸಿನಿಮಾ ಬಂದದ್ದು 1971ರಲ್ಲಿ. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಎಂಟು ವರ್ಷ ಆಗಿತ್ತು.

ಅವರು ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ಮನೆಯಲ್ಲಿ ಇಟ್ಟ ಹೆಸರು ಭಾಗೀರಥಿ, ಶಾಲೆಯ ದಾಖಲೆಯಲ್ಲಿ ಅನಸೂಯಾ, ಪುಸ್ತಕದ ಮೇಲೆ ತ್ರಿವೇಣಿ. ಹುಟ್ಟಿನ ಹೆಸರೂ ನದಿ, ಬರವಣಿಗೆಯ ಹೆಸರೂ ನದಿಗಳ ಸಂಗಮ, ಶರಪಂಜರದ ನಾಯಕಿಯ ಹೆಸರು ನೋಡಿದರೆ ಅವಳೂ ಕಾವೇರಿ. ಇದು ಬೇಕಂತಲೇ ಮಾಡಿದ್ದೋ ತಾನಾಗೇ ಆಗಿದ್ದೋ, ನಮಗಂತೂ ಇಷ್ಟ ಆಯ್ತು. ಇಂಗ್ಲಿಷ್ ಗೀತಗಳು ಬರೆದ ಬಿ.ಎಂ.ಶ್ರೀ ಇವರಿಗೆ ದೊಡ್ಡಪ್ಪ. ಕಾದಂಬರಿಗಾರ್ತಿ ಆರ್ಯಾಂಬ ಪಟ್ಟಾಭಿ ಇವರ ತಂಗಿ. ಅಂದ್ರೆ ಪುಸ್ತಕ, ಬರವಣಿಗೆ ಅನ್ನೋದು ಆ ಮನೆಗೆ ಹೊಸದೇನಲ್ಲ.

ಆದರೆ ತ್ರಿವೇಣಿ ಕಾಲೇಜಿನಲ್ಲಿ ಆರಿಸಿಕೊಂಡಿದ್ದು ಸಾಹಿತ್ಯವನ್ನಲ್ಲ, ಮನಃಶಾಸ್ತ್ರವನ್ನ. ಓದಿದ್ದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, 1940ರ ದಶಕದಲ್ಲಿ. ಒಂದು ಹೆಣ್ಣುಮಗಳು ಆ ಕಾಲದಲ್ಲಿ ಸೈಕಾಲಜಿ ಹೇಗೆ ಓದಿದಳು ಅಂತ ಆಶ್ಚರ್ಯ ಪಡೋ ಮೊದಲು ಒಂದು ವಿಷಯ ತಿಳ್ಕೊಬೇಕು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲೇ. ಇಡೀ ಭಾರತದಲ್ಲೇ ಅದಕ್ಕಿಂತ ಹಳೆಯ ವಿಭಾಗ ಹುಡುಕಬೇಕಾದರೆ ಕಲ್ಕತ್ತಕ್ಕೆ ಹೋಗಬೇಕು. ಅದನ್ನ ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. ಇಸಿಇ ಗೆಳೆಯರು ಇಲ್ಲಿ ಸ್ವಲ್ಪ ನಿಂತು ಓದಿ: ಇದೇ ಮೇಷ್ಟ್ರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಕೇಂದ್ರ ನಡೆಸಿದವರು. ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದ ಬಂತು. ಸೈಕಾಲಜಿ ಪ್ರೊಫೆಸರ್ ಕೈಯಲ್ಲಿ ಟ್ರಾನ್ಸ್‌ಮಿಟರ್! ನಮ್ಮಲ್ಲಿ ಬ್ರಾಂಚ್ ಬ್ರಾಂಚ್ ಅಂತ ಗೋಡೆ ಕಟ್ಟಿಕೊಂಡಿರೋದು ನೆನೆಸಿಕೊಂಡ್ರೆ ನಗು ಬರುತ್ತೆ.

ಡಿಗ್ರಿ ಆದ ಮೇಲೆ ಮದುವೆ, ಇಂಗ್ಲಿಷ್ ಮೇಷ್ಟ್ರಾಗಿದ್ದ ಎಸ್.ಎನ್. ಶಂಕರ್ ಅವರ ಜೊತೆ. ಆಮೇಲಿನ ಸುಮಾರು ಹತ್ತು ವರ್ಷ ಬರೆದಿದ್ದೇ ಬರೆದಿದ್ದು. ಇಪ್ಪತ್ತರಷ್ಟು ಕಾದಂಬರಿ, ಮೂರು ಕಥಾಸಂಕಲನ. ಅಪಸ್ವರ, ಹೂವು ಹಣ್ಣು, ಬೆಕ್ಕಿನ ಕಣ್ಣು, ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ, ದೂರದ ಬೆಟ್ಟ. ನಮಗೆ ಒಂದು ಸೆಮಿಸ್ಟರಿನಲ್ಲಿ ಒಂದು ಮಿನಿ ಪ್ರಾಜೆಕ್ಟ್ ರಿಪೋರ್ಟ್ ಬರೆಯೋಕೆ ಎಷ್ಟು ಕಷ್ಟ ಆಗುತ್ತೆ ಅಂತ ನಮಗೇ ಗೊತ್ತಲ್ಲ.

ಅವರ ಕಾದಂಬರಿಗಳಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ದೊಡ್ಡ ಆದರ್ಶದ ಭಾಷಣ ಕೂಡ ಕಡಿಮೆ. ಮನೆ ಇದೆ. ಅತ್ತೆ, ಗಂಡ, ಮಲತಾಯಿ, ವಿಧವೆ ಮಗಳು, ಹಠಮಾರಿ ಅಪ್ಪ ಇದ್ದಾರೆ. ಬೆಕ್ಕಿನ ಕಣ್ಣು ಕಾದಂಬರಿಯಲ್ಲಿ ಮಲತಾಯಿಯ ಕೈಗೆ ಸಿಕ್ಕ ಹುಡುಗಿಯ ಮನಸ್ಸು ಹೇಗೆ ಮುದುಡಿ ಹೋಗುತ್ತೆ ಅನ್ನೋದಿದೆ. ಹಣ್ಣೆಲೆ ಚಿಗುರಿದಾಗ ವಿಧವೆಯ ಮರುಮದುವೆಯ ಕಥೆ, ಆದರೆ ಅಲ್ಲಿ ನಿಜಕ್ಕೂ ಬದಲಾಗಬೇಕಾಗಿರೋದು ಮನೆಯ ಹಿರಿಯರ ಮನಸ್ಸು. ಹೊರಗಿನಿಂದ ನೋಡಿದರೆ ಇವೆಲ್ಲ ಏನೂ ದೊಡ್ಡ ಸಂಗತಿ ಅಲ್ಲ. ಅದಕ್ಕೇ ಇರಬೇಕು, ಆಗಿನ ಹೆಂಗಸರ ಬರವಣಿಗೆಯನ್ನ ಅಡುಗೆಮನೆ ಸಾಹಿತ್ಯ ಅಂತ ಪಕ್ಕಕ್ಕೆ ತಳ್ಳಿದ್ದು. ನವ್ಯದ ಗಲಾಟೆ ಜೋರಾಗಿದ್ದ ಕಾಲ ಬೇರೆ. ಗಂಡಸರು ಮನಸ್ಸಿನ ಒಳಗಿನ ತಳಮಳ ಬರೆದರೆ ಅದು ಪ್ರಯೋಗ, ಹೆಂಗಸು ಬರೆದರೆ ಮನೆ ಕಥೆ! ಇದು ನ್ಯಾಯ ಅಲ್ಲ ಅಂತ ನಾವು ಧೈರ್ಯವಾಗಿ ಹೇಳ್ತೀವಿ.

ಈಗ ಶರಪಂಜರಕ್ಕೆ ಬರೋಣ. ಕಾವೇರಿ ಓದಿದ, ಚೆಲುವಾದ ಹುಡುಗಿ. ಸತೀಶ ಮೆಚ್ಚಿ ಮದುವೆಯಾಗ್ತಾನೆ. ಸಂಸಾರ ಚೆನ್ನಾಗಿಯೇ ಇರುತ್ತೆ. ಎರಡನೇ ಹೆರಿಗೆ ಆದ ಮೇಲೆ ಅವಳ ಮನಸ್ಸು ಕೆಡುತ್ತೆ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಾಣಂತಿ ಸನ್ನಿ ಅಂತ ಹೆಸರು. ಹೆಸರಿದೆ ಅಂದ್ರೆ ಜನ ಅದನ್ನ ತುಂಬಾ ಹಿಂದಿನಿಂದ ನೋಡಿದ್ದಾರೆ ಅಂತ ಅರ್ಥ. ವೈದ್ಯರ ಲೆಕ್ಕದಲ್ಲಿ ಇದು ಸಾವಿರ ಹೆರಿಗೆಗೆ ಒಂದೋ ಎರಡೋ ಸಲ ಬರೋ ಕಾಯಿಲೆ, ಹೆಚ್ಚಾಗಿ ಮೊದಲ ಎರಡು ವಾರದ ಒಳಗೆ. ನಿದ್ದೆ ಬಿಟ್ಟು ಹೋಗುತ್ತೆ, ಇಲ್ಲದ್ದು ಕಾಣಿಸುತ್ತೆ, ಇಲ್ಲದ ಅನುಮಾನ ಹುಟ್ಟುತ್ತೆ. ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾದ ಸ್ಥಿತಿ ಅದು, ಆದರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಕಾಯಿಲೆಯೂ ಹೌದು. ಹೆರಿಗೆ ಆದ ಬಹಳ ತಾಯಂದಿರಿಗೆ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುತ್ತಲ್ಲ, ಅದು ಬೇರೆ, ಇದು ಬೇರೆ.

ಕಾವೇರಿ ಆಸ್ಪತ್ರೆ ಸೇರ್ತಾಳೆ, ಗುಣ ಆಗ್ತಾಳೆ, ಮನೆಗೆ ಬರ್ತಾಳೆ. ಮಾಮೂಲಿ ಕಥೆ ಆಗಿದ್ರೆ ಇಲ್ಲಿಗೆ ಶುಭಂ. ತ್ರಿವೇಣಿಯವರ ಕಥೆ ನಿಜವಾಗಿ ಶುರುವಾಗೋದೇ ಇಲ್ಲಿ. ಕಾಯಿಲೆ ವಾಸಿಯಾಗಿದೆ, ಆದರೆ ಮನೆಯವರ ಕಣ್ಣಿನಲ್ಲಿ ಅವಳು ವಾಸಿಯಾಗಿಲ್ಲ. ಜೋರಾಗಿ ನಕ್ಕರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ. ಸಿಟ್ಟು ಬಂದರೆ ಮತ್ತೆ ಶುರುವಾಯ್ತೇನೋ ಅಂತ ಅನುಮಾನ. ಅತ್ತರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಬೇರೆ ಯಾರಿಗಾದರೂ ಆದರೆ ಬರೀ ಮನುಷ್ಯ ಸಹಜ ಅನ್ನಿಸೋ ಭಾವನೆಗಳೆಲ್ಲ ಅವಳ ಮಟ್ಟಿಗೆ ರೋಗದ ಲಕ್ಷಣ. ಅಕ್ಕಪಕ್ಕದವರ ಪಿಸುಮಾತು ಒಂದು ಕಡೆ, ಗಂಡ ದೂರ ಸರಿದಿದ್ದು ಇನ್ನೊಂದು ಕಡೆ. ಆ ಗಂಡನೇ ಬೇರೊಬ್ಬಳ ಕಡೆ ವಾಲಿದ್ದಾನೆ ಅಂತ ಗೊತ್ತಾದಾಗ ಅವಳು ಪೂರ್ತಿ ಕುಸಿದು ಹೋಗ್ತಾಳೆ. ಮೊದಲನೇ ಸಲ ಅವಳನ್ನ ಕೆಡವಿದ್ದು ಕಾಯಿಲೆ, ಎರಡನೇ ಸಲ ಕೆಡವಿದ್ದು ಮನೆ.

ಇದು ಬರೀ ಕಥೆಗಾರರ ಕಲ್ಪನೆ ಅಂದುಕೊಳ್ಳೋ ಹಾಗಿಲ್ಲ. ಆ ಕಾಲದಲ್ಲಿ ಏನಾಗ್ತಿತ್ತು ನೋಡಿ. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಅನ್ನೋ ಔಷಧಿಯನ್ನ ಮಾನಸಿಕ ರೋಗಿಗಳಿಗೆ ಕೊಟ್ಟು ನೋಡಿದರು. ಅಲ್ಲಿಯವರೆಗೆ ಶಾಕ್ ಟ್ರೀಟ್‌ಮೆಂಟ್ ಮತ್ತು ಬೀಗ, ಇವೆರಡನ್ನ ಬಿಟ್ಟರೆ ಆಸ್ಪತ್ರೆಗಳ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಔಷಧಿ ಬಂದ ಮೇಲೆ ವರ್ಷಗಟ್ಟಲೆ ಒಳಗೇ ಇರ್ತಿದ್ದ ಜನ ಮನೆಗೆ ವಾಪಸ್ ಬರೋಕೆ ಶುರು ಮಾಡಿದರು. ನಮ್ಮ ಬೆಂಗಳೂರಿನಲ್ಲೂ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು. ಮುಂದೆ 1974ರಲ್ಲಿ ನಿಮ್ಹಾನ್ಸ್ ಆಗಿದ್ದು ಅದೂ ಅದರ ಪಕ್ಕದ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ. ಹಾಗಾಗಿ ಆಸ್ಪತ್ರೆಯಿಂದ ಬಂದವರನ್ನ ಮನೆ ಹೇಗೆ ಬರಮಾಡಿಕೊಳ್ಳುತ್ತೆ ಅನ್ನೋದು ಆಗ ಹೊಸ ಪ್ರಶ್ನೆ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಅನ್ನೋ ಸಮಾಜಶಾಸ್ತ್ರಜ್ಞರು ಇದೇ ಪ್ರಶ್ನೆ ಹಿಡಿದು ಕೂತಿದ್ದರು. ಡಿಸ್ಚಾರ್ಜ್ ಆಗಿ ಹೋದ ರೋಗಿಗಳ ಬೆನ್ನು ಹತ್ತಿ ನೋಡಿದರೆ ಒಂದು ವಿಚಿತ್ರ ಕಾಣಿಸ್ತು. ಬಾಡಿಗೆ ರೂಮಿಗೆ ಹೋದವರಿಗಿಂತ ಅಪ್ಪ ಅಮ್ಮನ ಜೊತೆ ಅಥವಾ ಹೆಂಡತಿ ಜೊತೆ ಇರೋಕೆ ಹೋದವರೇ ಜಾಸ್ತಿ ಮತ್ತೆ ಆಸ್ಪತ್ರೆಗೆ ಬರ್ತಿದ್ದರು. ನಾವೆಲ್ಲ ಉಲ್ಟಾ ಅಂದುಕೊಳ್ತೀವಿ, ಅಲ್ವಾ? ಮುಂದೆ ಅವರೂ ಅವರ ಜೊತೆಯವರೂ ಇದನ್ನ ಇನ್ನೂ ಬಿಡಿಸಿ ನೋಡಿದಾಗ ಸಿಕ್ಕಿದ್ದು ಮೂರು ಸಂಗತಿ. ಮಾತು ಮಾತಿಗೂ ತಪ್ಪು ಹಿಡಿಯೋದು, ದ್ವೇಷ ಕಾರೋದು, ಮೂರನೆಯದು ಅತಿಯಾಗಿ ಅಂಟಿಕೊಂಡು ಉಸಿರು ಬಿಡೋಕೂ ಅವಕಾಶ ಕೊಡದ ಹಾಗೆ ಕಾಳಜಿ ಮಾಡೋದು. ಈ ಮೂರನೆಯದನ್ನ ಓದಿ ನಮಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಊಟ ಆಯ್ತಾ, ಯಾಕೆ ದನಿ ಹಾಗಿದೆ, ಏನಾಯ್ತು ಹೇಳು, ಯಾಕೆ ಹೇಳ್ತಿಲ್ಲ ಅಂತ ಹಾಸ್ಟೆಲ್ಲಿಗೆ ದಿನಕ್ಕೆ ನಾಲ್ಕು ಸಲ ಬರೋ ಫೋನು ನೆನಪಾಯ್ತು. ಪ್ರೀತಿ ಇಲ್ಲದೆ ಮಾಡೋ ಫೋನಲ್ಲ ಅದು. ಪ್ರೀತಿಯಿಂದಲೇ ಮಾಡಿದ್ದು, ಆದ್ದರಿಂದಲೇ ಬೇಡ ಅನ್ನೋಕೆ ಬಾಯಿ ಬರಲ್ಲ.

ಬ್ರೌನ್ ಅಂಕಿ ಅಂಶದಿಂದ ಹೋಗಿ ಮುಟ್ಟಿದ ಜಾಗಕ್ಕೆ ತ್ರಿವೇಣಿ ಒಂದು ಮನೆಯನ್ನ ನೋಡ್ತಾ ನೋಡ್ತಾ ಹೋಗಿ ಮುಟ್ಟಿದರು. ನಮ್ಮ ದೇಶದಲ್ಲೂ ಇದು ಕೆಲವರಿಗೆ ಹೊಳೆದಿತ್ತು. ಅಮೃತಸರದ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾ ಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನ ಕರೆಸಿ, ಆಸ್ಪತ್ರೆ ಆವರಣದಲ್ಲೇ ಟೆಂಟ್ ಹಾಕಿಸಿ ಜೊತೆಗೆ ಇರಿಸಿಕೊಳ್ತಿದ್ದರು. ಮನೆಯವರಿಗೂ ಕಾಯಿಲೆ ಅಂದ್ರೇನು ಅಂತ ಅರ್ಥ ಆಗ್ತಿತ್ತು, ಭಯ ಹೋಗ್ತಿತ್ತು. ಸತೀಶನಿಗೆ ಅಂಥ ಒಂದು ಟೆಂಟ್ ಸಿಕ್ಕಿದ್ದರೆ ಕಾವೇರಿ ಉಳೀತಿದ್ದಳೇನೋ!

ಎಲ್ಲ ವಿಷಯಕ್ಕೂ ತಲೆದೂಗೋಕೆ ಆಗಲ್ಲ, ಅದನ್ನೂ ಹೇಳಿಬಿಡ್ತೀವಿ. ಮನಸ್ಸಿನಲ್ಲಿ ಅದುಮಿಟ್ಟ ತಪ್ಪಿತಸ್ಥ ಭಾವನೆಯೇ ಕಾಯಿಲೆಯಾಗಿ ಹೊರಗೆ ಬರುತ್ತೆ ಅನ್ನೋದು ಅವರ ಕಾಲದ ಮನಃಶಾಸ್ತ್ರದ ಗಟ್ಟಿ ನಂಬಿಕೆ, ಫ್ರಾಯ್ಡ್ ಪ್ರಭಾವ. ತ್ರಿವೇಣಿಯವರಲ್ಲೂ ಅದು ಢಾಳಾಗಿ ಕಾಣುತ್ತೆ. ಈಗಿನ ವೈದ್ಯರು ಬಾಣಂತಿ ಸನ್ನಿಗೆ ಹಾರ್ಮೋನ್ ಏರಿಳಿತ, ನಿದ್ದೆಗೇಡು, ವಂಶದಲ್ಲಿ ಬಂದ ಗುಣ ಅಂತ ಬೇರೆ ಕಾರಣಗಳನ್ನ ಮುಂದಿಡ್ತಾರೆ. ಕೆಲವು ಕಡೆ ಕಣ್ಣೀರು ಅಗತ್ಯಕ್ಕಿಂತ ಜಾಸ್ತಿ ಅನ್ನಿಸುತ್ತೆ. ಆದರೆ ಮನೆಯವರು ಏನು ಮಾಡ್ತಾರೆ ಅನ್ನೋದನ್ನ ಬರೆದಾಗ ಒಂದೇ ಒಂದು ಸಾಲೂ ಹಳೆಯದಾಗಿಲ್ಲ.

ನಮಗೆ ಇನ್ನೂ ಹೆಚ್ಚು ಹಿಡಿಸಿದ್ದು ಬೆಳ್ಳಿಮೋಡ. ಕಾಫಿ ತೋಟದ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಅವಳನ್ನ ಮದುವೆಯಾಗಬೇಕಾದ ಮೋಹನ್ ಅವಳ ಅಪ್ಪನ ದುಡ್ಡಲ್ಲೇ ಅಮೆರಿಕಕ್ಕೆ ಓದೋಕೆ ಹೋಗ್ತಾನೆ. ಅವನು ಬರೋ ಹೊತ್ತಿಗೆ ಆ ಮನೆಗೆ ಗಂಡು ಮಗು ಹುಟ್ಟಿರುತ್ತೆ, ಆಸ್ತಿ ಪೂರ್ತಿ ಇಂದಿರಾಳದ್ದಾಗಿ ಉಳಿದಿರಲ್ಲ. ಮೋಹನ್ ಹಿಂದೆ ಸರೀತಾನೆ. ಆಮೇಲೆ ಅವನೇ ಅಪಘಾತವಾಗಿ ಹಾಸಿಗೆ ಹಿಡಿದಾಗ ಇಂದಿರಾ ಆರೈಕೆ ಮಾಡ್ತಾಳೆ. ಅವನ ಮನಸ್ಸು ಕರಗುತ್ತೆ, ಮದುವೆ ಆಗೋಣ ಅಂತಾನೆ. ಅವಳು ಒಪ್ಪಲ್ಲ. ಸೇಡಿಗಲ್ಲ, ಸಿಟ್ಟಿಗೂ ಅಲ್ಲ. ಆರೈಕೆ ಮಾಡಿದ್ದು ಮನುಷ್ಯಳಾಗಿ, ಪ್ರೀತಿ ಅನ್ನೋದು ಅಷ್ಟರಲ್ಲಿ ಒಳಗೆ ಸತ್ತು ಹೋಗಿರುತ್ತೆ, ಎರಡನ್ನೂ ಅವಳು ಗೊಂದಲ ಮಾಡಿಕೊಳ್ಳಲ್ಲ. ಬ್ರೇಕಪ್ ಆದ ಮೇಲೆ ಮೂರು ತಿಂಗಳಿಗೆ ಸಾರಿ ಮೆಸೇಜ್ ಬಂತು ಅಂತ ರಾತ್ರಿಯೆಲ್ಲ ಚರ್ಚೆ ಮಾಡೋ ನಮ್ಮ ರೂಮ್‌ಮೇಟ್‌ಗಳಿಗೆಲ್ಲ ಈ ಪುಸ್ತಕ ಕೊಡಬೇಕು. ಕ್ಷಮಿಸೋದು ಬೇರೆ, ವಾಪಸ್ ಹೋಗೋದು ಬೇರೆ ಅನ್ನೋದನ್ನ ಇಂದಿರಾ ಹೇಳಿಕೊಡದೆ ತೋರಿಸ್ತಾಳೆ.

1963ರ ಜುಲೈನಲ್ಲಿ ತ್ರಿವೇಣಿಯವರಿಗೆ ಹೆಣ್ಣು ಮಗು ಹುಟ್ಟಿತು. ಹತ್ತು ದಿನ ಅಷ್ಟೇ. ಜುಲೈ 29ರಂದು ಅವರು ತೀರಿಕೊಂಡರು. ಇನ್ನೂ ಮೂವತ್ತೈದು ತುಂಬಿರಲಿಲ್ಲ. ಬಾಣಂತನದ ಆ ಹತ್ತು ಹದಿನೈದು ದಿನ ಹೆಣ್ಣಿನ ಪಾಲಿಗೆ ಎಷ್ಟು ನಾಜೂಕು ಅಂತ ಕನ್ನಡಕ್ಕೆಲ್ಲ ಹೇಳಿದ ಕೈ ಅದೇ ದಿನಗಳಲ್ಲಿ ನಿಂತು ಹೋಯ್ತು. ಇದನ್ನ ಮೊದಲ ಸಲ ಓದಿದಾಗ ತಾರೀಕುಗಳನ್ನ ಎರಡೆರಡು ಸಲ ನೋಡಿದ್ವಿ.

ಆಮೇಲೆ ನಡೆದಿದ್ದು ಬಹಳ ಜನಕ್ಕೆ ಗೊತ್ತಿರೋ ಕಥೆ. 1966ರಲ್ಲಿ ಬೆಕ್ಕಿನ ಕಣ್ಣು ಪೂಚ್ಚಕ್ಕಣ್ಣಿ ಅನ್ನೋ ಹೆಸರಿನಲ್ಲಿ ಮಲಯಾಳಂ ಸಿನಿಮಾ ಆಯ್ತು. ಅದನ್ನ ಮಾಡಿದ್ದೂ ಪುಟ್ಟಣ್ಣನೇ. 1967ರಲ್ಲಿ ಬೆಳ್ಳಿಮೋಡ, ಮರುವರ್ಷ ರಾಜ್‌ಕುಮಾರ್ ಇದ್ದ ಹಣ್ಣೆಲೆ ಚಿಗುರಿದಾಗ, 1971ರಲ್ಲಿ ಶರಪಂಜರ. ಮೂವತ್ತು ವರ್ಷ ಕಳೆದ ಮೇಲೆ, 1993ರಲ್ಲಿ, ಲಕ್ಷ್ಮಿ ನಟಿಸಿದ ಹೂವು ಹಣ್ಣು. ಇದರಲ್ಲಿ ಒಂದನ್ನೂ ತ್ರಿವೇಣಿ ನೋಡಲಿಲ್ಲ.

ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದು ಕನ್ನಡ ಕಾದಂಬರಿ ಅಂದ್ರೆ ಹೆದರೋರು ನಮ್ಮಲ್ಲಿ ಬಹಳ ಜನ ಇದ್ದಾರೆ. ತ್ರಿವೇಣಿಯವರ ಕನ್ನಡಕ್ಕೆ ಡಿಕ್ಷನರಿ ಬೇಡ. ವಾಕ್ಯ ಚಿಕ್ಕದು, ಮಾತು ಮನೆಯದು. ಓದೋಕೆ ನಿಧಾನ ಆಗೋರು ಬೆಳ್ಳಿಮೋಡದಿಂದ ಶುರು ಮಾಡಿ, ಎರಡು ಭಾನುವಾರಕ್ಕೆ ಮುಗಿಯುತ್ತೆ. ಶರಪಂಜರವನ್ನ ಮಾತ್ರ ಇಂಟರ್ನಲ್ಸ್ ಮುಗಿದ ಮೇಲೆ ಇಟ್ಕೊಳ್ಳಿ.