ಆಟಿಕೆ ಗಾಡಿಯ ಮೇಲೊಂದು ಕ್ಯಾಮೆರಾ: ಮಾರಿಯೊ ಬಾವಾ

'ಫ್ರೈಡೇ ದಿ ಥರ್ಟೀನ್ತ್' ಸರಣಿಯ ಎರಡನೇ ಭಾಗ ನೋಡಿದವರಿಗೆ ಎರಡು ಕೊಲೆಗಳಂತೂ ನೆನಪಿರುತ್ತವೆ. ಒಂದರಲ್ಲಿ ಮಚ್ಚು ನೇರವಾಗಿ ಮುಖಕ್ಕೇ ಬೀಳುತ್ತೆ. ಇನ್ನೊಂದರಲ್ಲಿ ಹಾಸಿಗೆ ಮೇಲಿದ್ದ ಜೋಡಿಯನ್ನು ಒಂದೇ ಈಟಿ ಸೇರಿಸಿ ಚುಚ್ಚುತ್ತೆ. ಆ ಚಿತ್ರ ಬಂದಿದ್ದು 1981ರಲ್ಲಿ. ಇವೆರಡೂ ಅದಕ್ಕಿಂತ ಹತ್ತು ವರ್ಷ ಮೊದಲೇ, ಹೆಚ್ಚುಕಮ್ಮಿ ಹೀಗೇ, ಇಟಲಿಯ ಒಂದು ಚಿತ್ರದಲ್ಲಿ ಬಂದುಹೋಗಿದ್ದವು. ಹೆಸರು 'ಎ ಬೇ ಆಫ್ ಬ್ಲಡ್'. ತೀರಾ ಕಡಿಮೆ ದುಡ್ಡಿನಲ್ಲಿ ಅದನ್ನು ತೆಗೆದವನು ಮಾರಿಯೊ ಬಾವಾ. ಜೇಸನ್ ಯಾರು ಅಂತ ಎಲ್ಲರಿಗೂ ಗೊತ್ತು. ಬಾವಾ ಅಂದ್ರೆ ಮಾತ್ರ ಯಾರದು ಅಂತ ಕೇಳ್ತಾರೆ.

ಬಾವಾ ಹುಟ್ಟಿದ್ದು 1914ರ ಜುಲೈ 31ರಂದು, ಸಾನ್ರೆಮೊ ಎಂಬ ಕಡಲತೀರದ ಊರಿನಲ್ಲಿ. ಅಪ್ಪ ಶಿಲ್ಪಿ. ಆಮೇಲೆ ಮೂಕಿಚಿತ್ರಗಳಿಗೆ ಕ್ಯಾಮೆರಾ ಹಿಡಿದು, ಟ್ರಿಕ್ ದೃಶ್ಯಗಳಲ್ಲಿ ಪಳಗಿದವನು. ಮಗನಿಗೆ ಚಿತ್ರಕಾರ ಆಗೋ ಆಸೆಯಿತ್ತು. ಅದರಿಂದ ಹೊಟ್ಟೆ ತುಂಬಲಿಲ್ಲ. ಅಪ್ಪನ ಕೈಕೆಳಗೆ ಕೆಲಸಕ್ಕೆ ಸೇರಿದ, ಮುಂದೆ ತಾನೇ ಕ್ಯಾಮೆರಾಮನ್ ಆದ, ನಲವತ್ತು ದಾಟುವವರೆಗೂ ಬೇರೆಯವರ ಚಿತ್ರಗಳಿಗೆ ಬೆಳಕು ಜೋಡಿಸುತ್ತಲೇ ಇದ್ದ.

1957ರಲ್ಲಿ ಬಂದ 'ಐ ವಾಂಪಿರಿ' ಅಂಥದ್ದೇ ಒಂದು ಕೆಲಸ. ನಿರ್ದೇಶಕ ರಿಕಾರ್ಡೊ ಫ್ರೆಡಾ ನಿರ್ಮಾಪಕರ ಜೊತೆ ಜಗಳವಾಡಿ ಅರ್ಧಕ್ಕೇ ಎದ್ದುಹೋದ. ಉಳಿದದ್ದನ್ನು ಬಾವಾ ಒಂದೆರಡು ದಿನದಲ್ಲಿ ಮುಗಿಸಿಕೊಟ್ಟ. ಆ ಚಿತ್ರದಲ್ಲಿ ಚೆಲುವೆಯೊಬ್ಬಳು ನಮ್ಮ ಕಣ್ಣೆದುರೇ, ಒಂದೂ ಕಟ್ ಇಲ್ಲದೆ, ಮುದುಕಿಯಾಗಿಬಿಡ್ತಾಳೆ. ಹೇಗೆ? ಕಂಪ್ಯೂಟರ್ ಬಿಡಿ, ಅಲ್ಲಿ ಎಡಿಟಿಂಗ್ ಕೂಡ ಇಲ್ಲ. ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. ಚಿತ್ರ ಕಪ್ಪುಬಿಳುಪಿನದು. ಕೆಂಪು ಬೆಳಕಿನಲ್ಲಿ ಆ ಗೆರೆಗಳೂ ಚರ್ಮವೂ ಒಂದೇ ಹೊಳಪಿನಲ್ಲಿ ಕಾಣುತ್ತವೆ, ಅಂದ್ರೆ ಗೆರೆ ಕಾಣುವುದೇ ಇಲ್ಲ. ಬೆಳಕನ್ನು ನಿಧಾನವಾಗಿ ಹಸಿರಿಗೆ ತಿರುಗಿಸಿದರೆ ಕೆಂಪು ಅದನ್ನು ಹೀರಿಕೊಂಡು ಕಪ್ಪಾಗುತ್ತೆ. ಮುಖದ ತುಂಬ ಸುಕ್ಕು! ಹೈಸ್ಕೂಲಿನ ಬೆಳಕಿನ ಪಾಠ ಅಷ್ಟೇ. ಆ ಪಾಠ ಓದಿ ನಾವು ಅಂಕ ತಗೊಂಡ್ವಿ.

ಹೀಗೆ ಬೇರೆಯವರು ಬಿಟ್ಟುಹೋದ ಚಿತ್ರಗಳನ್ನು ದಡ ಮುಟ್ಟಿಸಿದ್ದಕ್ಕೆ ಬಹುಮಾನದಂತೆ ಸ್ವಂತದ್ದೊಂದು ಸಿಕ್ಕಿತು. 1960ರ 'ಬ್ಲ್ಯಾಕ್ ಸಂಡೇ'. ಆಗ ಆತನಿಗೆ 46. ಚಿತ್ರ ಅಮೆರಿಕದಲ್ಲೂ ಓಡಿತು, ಬ್ರಿಟನ್‌ನಲ್ಲಿ ವರ್ಷಗಟ್ಟಲೆ ನಿಷೇಧವಾಗಿತ್ತು. 1964ರ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್'ನಲ್ಲಿ ಮುಖವಿಲ್ಲದ ಕೊಲೆಗಾರ ಒಂದು ಫ್ಯಾಷನ್ ಹೌಸಿನ ಮಾಡೆಲ್‌ಗಳನ್ನು ಒಬ್ಬೊಬ್ಬರಾಗಿ ಮುಗಿಸುತ್ತಾ ಹೋಗುತ್ತಾನೆ. ಮರುವರ್ಷದ 'ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್'ನಲ್ಲಿ ಅನ್ಯಗ್ರಹ ಬೇಕಿತ್ತು, ದುಡ್ಡಿರಲಿಲ್ಲ. ಹಳೇ ಪುರಾಣ ಚಿತ್ರದಿಂದ ಉಳಿದಿದ್ದ ಒಂದೆರಡು ಪ್ಲಾಸ್ಟಿಕ್ ಬಂಡೆ, ಕನ್ನಡಿ, ಬಣ್ಣದ ಬೆಳಕು, ಬೇಕಾದಷ್ಟು ಹೊಗೆ. ಗ್ರಹ ತಯಾರು.

ಈಗ 1971ಕ್ಕೆ ಬರೋಣ. 'ಎ ಬೇ ಆಫ್ ಬ್ಲಡ್' ಕಥೆ ನಮಗೆ ಚೆನ್ನಾಗೇ ಅರ್ಥ ಆಗುವಂಥದ್ದು: ಜಮೀನು ಜಗಳ. ಒಂದು ಕೊಲ್ಲಿ, ಅದರ ಒಡತಿ ಗಾಲಿಕುರ್ಚಿಯ ಮುದುಕಿ. ರೆಸಾರ್ಟ್ ಥರದ್ದೇನೋ ಕಟ್ಟಿ ದುಡ್ಡು ಮಾಡಬೇಕೆಂದು ಕಾದು ಕೂತ ನೆಂಟರು, ಒಬ್ಬ ಆರ್ಕಿಟೆಕ್ಟ್. ಚಿತ್ರ ಶುರುವಾಗಿ ಕೆಲವೇ ನಿಮಿಷದಲ್ಲಿ ಮುದುಕಿಯನ್ನು ನೇಣಿಗೆ ಹಾಕಿ ಕೊಲ್ಲುತ್ತಾರೆ. ಕೊಂದವನ ಮುಖವನ್ನೂ ಬಾವಾ ಆಗಲೇ ತೋರಿಸಿಬಿಡ್ತಾನೆ. ಸರಿ, ಕೊಲೆಗಾರ ಸಿಕ್ಕ ಅನ್ನೋಷ್ಟರಲ್ಲಿ ಅವನಿಗೇ ಚಾಕು ಬೀಳುತ್ತೆ. ಅಲ್ಲಿಂದ ಒಟ್ಟು 13 ಹೆಣ. ಕೊಲ್ಲುವವನು ಒಬ್ಬನಲ್ಲ; ಆಸ್ತಿ ಬೇಕಾದವರೆಲ್ಲ ಕೊಲ್ಲುತ್ತಾರೆ. ಸುಮ್ಮನೆ ಮೋಜಿಗೆ ಬಂದ ನಾಲ್ಕು ಹುಡುಗ ಹುಡುಗಿಯರೂ ಸಾಯುತ್ತಾರೆ. ಮುಂದೆ ನೂರಾರು ಸ್ಲ್ಯಾಷರ್ ಚಿತ್ರಗಳು ಈ ನಾಲ್ವರನ್ನಷ್ಟೇ ಎತ್ತಿಕೊಂಡವು, ಜಮೀನನ್ನು ಅಲ್ಲೇ ಬಿಟ್ಟವು. ನನಗೆ ಕೇಳಿದ್ರೆ ಅದೇ ನಷ್ಟ.

ಬಜೆಟ್ ಎಷ್ಟು ಕಡಿಮೆ ಅಂದ್ರೆ ಬಾವಾನೇ ನಿರ್ದೇಶಕ, ಬಾವಾನೇ ಕ್ಯಾಮೆರಾಮನ್. ಕ್ಯಾಮೆರಾ ಚಲಿಸಬೇಕಾದಲ್ಲಿ ಟ್ರಾಲಿ ಇಲ್ಲ, ಮಕ್ಕಳು ಎಳೆದಾಡುವ ಆಟಿಕೆ ಗಾಡಿ. ಕಥೆಯಲ್ಲಿ ಕಾಡಿದೆ, ಶೂಟಿಂಗ್ ಜಾಗದಲ್ಲಿ ಮರಗಳೇ ಕಡಿಮೆ. ಲೆನ್ಸ್ ಮುಂದೆ ಒಂದಷ್ಟು ಕೊಂಬೆ ಹಿಡಿದು ಆಡಿಸಿದರು, ಕಾಡಾಯಿತು. ಕೊಲೆಗಳ ಮೇಕಪ್ ಮಾತ್ರ ಕಾರ್ಲೊ ರಂಬಾಲ್ಡಿಯದು. ಮುಂದೆ ಸ್ಪಿಲ್‌ಬರ್ಗ್‌ಗೆ 'ಈ.ಟಿ.' ಗೊಂಬೆ ಮಾಡಿಕೊಟ್ಟವನು ಈತನೇ. ಲೋಪಗಳಿಲ್ಲ ಅಂತಲ್ಲ. ಝೂಮ್ ಅತಿಯಾಯಿತು, ಮಧ್ಯೆ ಯಾರು ಯಾರಿಗೆ ಏನಾಗಬೇಕು ಅಂತ ತಲೆ ಕೆಡುತ್ತೆ. ಆದರೆ ಕೊಲೆಗಳ ನಡುವೆ ಸುಮ್ಮನೆ ಮಿನುಗುವ ಆ ನೀರಿನ ಶಾಟ್‌ಗಳನ್ನು ನೋಡಿ. ಮನುಷ್ಯರು ಸಾಯುತ್ತಿದ್ದಾರೆ, ಕೊಲ್ಲಿಗೆ ಏನೂ ಆಗಿಲ್ಲ.

ಚಿತ್ರಕ್ಕೆ ಹೊಗಳಿಕೆಗಿಂತ ಬೈಗುಳವೇ ಜಾಸ್ತಿ ಬಂತು. ವಿತರಕರು ಊರೂರಲ್ಲಿ ಹೆಸರು ಬದಲಿಸಿ ಮಾರಿದರು. ಒಂದು ಕಡೆಯಂತೂ, ಸಂಬಂಧವೇ ಇಲ್ಲದ ಬೇರೊಂದು ಚಿತ್ರದ ಎರಡನೇ ಭಾಗ ಅಂತಲೇ ಓಡಿಸಿಬಿಟ್ಟರು.

ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. ಇಷ್ಟಪಟ್ಟು ಮಾಡಿದ 'ಲೀಸಾ ಅಂಡ್ ದಿ ಡೆವಿಲ್'ಗೆ ಕೊಳ್ಳುವವರು ಸಿಗದೆ, ದೆವ್ವ ಬಿಡಿಸುವ ದೃಶ್ಯಗಳನ್ನು ತುರುಕಿ ಬೇರೆಯೇ ಚಿತ್ರವಾಗಿ ಬಿಡುಗಡೆ ಮಾಡಿದರು. 1974ರಲ್ಲಿ ಬಹುಪಾಲು ಒಂದು ಕಾರಿನೊಳಗೇ ತೆಗೆದ 'ರ‍್ಯಾಬಿಡ್ ಡಾಗ್ಸ್' ದುಡ್ಡಿನ ತೊಂದರೆಯಲ್ಲಿ ಸಿಕ್ಕಿ ಬೀಗದೊಳಗೆ ಉಳಿಯಿತು. ಜನ ನೋಡಿದ್ದು 1990ರ ದಶಕದಲ್ಲಿ. ಆತನ ಕೊನೆಯ ಕೆಲಸಗಳಲ್ಲೊಂದು, ತನಗಿಂತ ಕಿರಿಯನಾದ ಡಾರಿಯೊ ಆರ್ಜೆಂಟೊನ 'ಇನ್‌ಫರ್ನೊ'ಗೆ ಕೆಲವು ಟ್ರಿಕ್ ದೃಶ್ಯ ಮಾಡಿಕೊಟ್ಟಿದ್ದು. ಶುರು ಮಾಡಿದ ಕಡೆಗೇ ಬಂದು ನಿಂತಂತಾಯಿತು.

1980ರ ಏಪ್ರಿಲ್ ಕೊನೆಯಲ್ಲಿ ರೋಮ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 65. ಕೆಲವೇ ದಿನಗಳ ಅಂತರದಲ್ಲಿ ಹಿಚ್‌ಕಾಕ್ ಕೂಡ ಹೋದದ್ದರಿಂದ ಜಗತ್ತಿನ ಪತ್ರಿಕೆಗಳಿಗೆ ಬರೆಯಲು ದೊಡ್ಡ ಹೆಸರೇ ಸಿಕ್ಕಿತ್ತು. ಮೇ 9ಕ್ಕೆ ಅಮೆರಿಕದಲ್ಲಿ ಮೊದಲ 'ಫ್ರೈಡೇ ದಿ ಥರ್ಟೀನ್ತ್' ಬಿಡುಗಡೆಯಾಗಿ ದುಡ್ಡು ಬಾಚಿತು.

'ಎ ಬೇ ಆಫ್ ಬ್ಲಡ್' ಒಂದೂವರೆ ಗಂಟೆಯೂ ಇಲ್ಲ. ಇಂಟರ್ನಲ್ಸ್ ಮುಗಿದ ರಾತ್ರಿ ನೋಡಿ. ಕೊನೆಯ ಒಂದು ನಿಮಿಷದಲ್ಲಿ ಏನಾಗುತ್ತೆ ಅಂತ ನಾನು ಹೇಳಲ್ಲ. ಅಲ್ಲಿಗೆ ಬರುವ ಮೊದಲೇ ಲ್ಯಾಪ್‌ಟಾಪ್ ಮುಚ್ಚಬೇಡಿ.